ಗುಲಾಬಿಗೆ ತಿರುಗದ ಕೊಳವೆ

ಏಪ್ರಿಲ್ ತಿಂಗಳಲ್ಲಿ ನವಲಗುಂದದ ಕಡೆಯ ಎರಿ ಹೊಲಗಳಲ್ಲಿ ಹಸಿರು ಹುಡುಕಿದರೂ ಸಿಗುವುದಿಲ್ಲ. ಜೋಳ ಕೊಯ್ದು ತಿಂಗಳಾಗಿರುತ್ತದೆ, ಕೂಳೆ ಒಣಗಿ ನಿಂತಿರುತ್ತದೆ, ನೆಲ ಅಂಗೈ ತೂರುವಷ್ಟು ಬಿರುಕು ಬಿಟ್ಟಿರುತ್ತದೆ. ಹಳ್ಳದ ದಂಡೆಯ ಜಾಲಿ ಗಿಡಗಳಷ್ಟೇ ಜೀವ ಹಿಡಿದುಕೊಂಡಿರುತ್ತವೆ. ನಾನು ಮೊದಲ ಸಲ ಆ ಕುರಿಹಿಂಡಿನ ಹತ್ತಿರ ಹೋದಾಗ ಹಿಂಡಿನ ಯಜಮಾನರಾದ ಅಜ್ಜ ಉದ್ದನೆಯ ಗಳದಿಂದ ಜಾಲಿಕಾಯಿ ಉದುರಿಸುತ್ತಿದ್ದರು. ಕುರಿಗಳು ಒಂದರ ಮೇಲೊಂದು ಬಿದ್ದು ತಿನ್ನುತ್ತಿದ್ದವು. ನಾನು ಒಂದು ಕಾಯಿ ಕಚ್ಚಿ ನೋಡಿದೆ. ನಾಲಿಗೆ ಒಗರಿನಿಂದ ದಪ್ಪಗಾಗಿ ಬಾಯಿಯೇ ಒಣಗಿಹೋಯಿತು.

"ಇಷ್ಟು ಒಗರು ಇರೋದನ್ನ ಕುರಿ ಹೆಂಗ್ ತಿಂತಾವ ಅಜ್ಜಾರ?" ಎಂದು ಕೇಳಿದೆ.

"ಒಮ್ಮಿಗೇ ಹಾಕಂಗಿಲ್ಲ ತಂಗಿ. ಮದ್ಲ ಒಂದ್ ಬೊಗಸಿ, ಎಂಟ್ ದಿನಾದ್ ಮ್ಯಾಲ ಎರಡ್ ಬೊಗಸಿ. ಹೊಟ್ಟಿಗೆ ರೂಢಿ ಆಗಬೇಕು. ರೂಢಿ ಆತಂದ್ರ ಮೈ ಹಿಡೀತಾವ."

ನಾನು ಎರಡು ವರ್ಷ ಓದಿ ಬರೆದ ಸಂಶೋಧನಾ ಪ್ರಸ್ತಾವನೆಯ ತಿರುಳನ್ನು ಅಜ್ಜ ನಾಲ್ಕು ಮಾತಿನಲ್ಲಿ ಹೇಳಿದ್ದರು. ರೂಢಿಯಾಗುವ ಆ ಹೊಟ್ಟೆಯೊಳಗೆ ಯಾರಿದ್ದಾರೆ ಎಂದು ತಿಳಿಯುವುದಷ್ಟೇ ನನ್ನ ಕೆಲಸವಾಗಿತ್ತು.

ಬೋಟಿ ತೊಳೆದು ಸಾರು ಮಾಡುವವರಿಗೆ ಟವೆಲಿನಂತಿರುವ ಆ ದೊಡ್ಡ ಚೀಲ ಗೊತ್ತು. ಅದೇ ರೂಮೆನ್. ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯ ನಾಲ್ಕು ಭಾಗಗಳಲ್ಲಿ ಎಲ್ಲಕ್ಕಿಂತ ದೊಡ್ಡದು. ಒಳಗೆ ಸುಮಾರು 39 ಡಿಗ್ರಿ ಸೆಲ್ಸಿಯಸ್ ಬಿಸಿ, ಕತ್ತಲು. ಆಮ್ಲಜನಕ ಇಲ್ಲವೆಂದೇ ಹೇಳಬೇಕು. ಅಲ್ಲಿನ ಒಂದು ಮಿಲಿಲೀಟರ್ ರಸದಲ್ಲಿ ಸಾವಿರ ಕೋಟಿಯ ಲೆಕ್ಕದಲ್ಲಿ ಬ್ಯಾಕ್ಟೀರಿಯಾ ಇರುತ್ತವೆ. ಕುರಿಗೆ ತಾನಾಗಿ ಹುಲ್ಲಿನ ನಾರನ್ನು ಒಡೆಯುವ ಶಕ್ತಿ ಇಲ್ಲ. ನಾರು ಒಡೆದು ಅದನ್ನು ಅಸಿಟಿಕ್, ಪ್ರೊಪಿಯೋನಿಕ್, ಬ್ಯುಟಿರಿಕ್ ಆಮ್ಲಗಳಾಗಿ ಹುದುಗಿಸುವುದು ಈ ಜೀವಿಗಳು. ಆ ಆಮ್ಲಗಳೇ ಕುರಿಗೆ ಅನ್ನ.

ಈ ದಾರಿಗೆ ನನ್ನನ್ನು ತಂದದ್ದು ರೇಮಂಡ್ ಜೋನ್ಸ್ ಎಂಬ ಆಸ್ಟ್ರೇಲಿಯಾದ ವಿಜ್ಞಾನಿಯ ಕೆಲಸ. ನಮ್ಮಲ್ಲೂ ಬದುವಿನ ಮೇಲೆ ಬೆಳೆಸುವ ಸುಬಾಬುಲ್ ಸೊಪ್ಪಿನಲ್ಲಿ ಮಿಮೋಸಿನ್ ಎಂಬ ವಿಷಾಂಶ ಇದೆ. ಆಸ್ಟ್ರೇಲಿಯಾದ ದನಗಳು ಅದನ್ನು ಹೆಚ್ಚು ತಿಂದರೆ ಕೂದಲು ಉದುರುತ್ತಿತ್ತು, ಗಳಗಂಡ ಬರುತ್ತಿತ್ತು. ಹವಾಯಿಯ ಆಡುಗಳಿಗೆ ಅದೇ ಸೊಪ್ಪು ಏನೂ ಮಾಡುತ್ತಿರಲಿಲ್ಲ. ವ್ಯತ್ಯಾಸ ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾದಲ್ಲಿದೆ ಎಂದು ಜೋನ್ಸ್ ಊಹಿಸಿದರು. ಹವಾಯಿಯ ಆಡಿನ ರೂಮೆನ್ ಜೀವಿಗಳನ್ನು ಆಸ್ಟ್ರೇಲಿಯಾದ ಪ್ರಾಣಿಗಳ ಹೊಟ್ಟೆಗೆ ದಾಟಿಸಿದಾಗ ಅವೂ ಸೊಪ್ಪು ತಿಂದು ಅರಗಿಸಿಕೊಂಡವು. ಆ ಬ್ಯಾಕ್ಟೀರಿಯಾಕ್ಕೆ 1992ರಲ್ಲಿ ಸಿನರ್ಜಿಸ್ಟಿಸ್ ಜೋನ್ಸಿಯೈ ಎಂದು ಹೆಸರಾಯಿತು. ಒಂದು ಸೂಕ್ಷ್ಮಜೀವಿಯನ್ನು ಗುರುತಿಸಿದ್ದರಿಂದ ದನ ಕಟ್ಟುವವರ ಬದುಕು ನೇರವಾಗಿ ಹಗುರಾದ ಇಂಥ ಕಥೆ ನನಗೆ ಬೇರೆ ಗೊತ್ತಿಲ್ಲ. ಜಾಲಿಕಾಯಿಯ ಒಗರನ್ನು, ಅಂದರೆ ಟ್ಯಾನಿನ್ ಅನ್ನು, ಕರಗಿಸುವ ಅಂಥದೊಂದು ನಮ್ಮ ಕುರಿಯಲ್ಲಿ ಸಿಕ್ಕೀತು ಎಂಬ ಆಸೆ ನನ್ನದು.

ಪ್ರಾಣಿ ನೈತಿಕತಾ ಸಮಿತಿಯ ಒಪ್ಪಿಗೆ ಪತ್ರ ಕೈಗೆ ಬಂದ ಮೇಲೆ ಪಶುವೈದ್ಯರೊಬ್ಬರ ಜೊತೆ ಮಾದರಿ ತರಲು ಹೋದೆವು. ಬಾಯಿಯಿಂದ ಮೆದು ಕೊಳವೆ ಇಳಿಸಿ ರಸ ಎಳೆಯುವುದು ಕ್ರಮ. ಮೊದಲು ಬರುವುದರಲ್ಲಿ ಜೊಲ್ಲು ಬೆರೆತಿರುತ್ತದೆ. ಅದನ್ನು ಚೆಲ್ಲಿ ಆಮೇಲಿನದನ್ನು ಹಿಡಿಯಬೇಕು. ಬಿಸಿನೀರು ತುಂಬಿಸಿ ಕಾಯಿಸಿಟ್ಟ ಫ್ಲಾಸ್ಕಿಗೆ ಕಂಠದವರೆಗೂ ರಸ ತುಂಬಿ, ಗಾಳಿಗೆ ಎಡೆಯೇ ಇಲ್ಲದಂತೆ ಮುಚ್ಚಿದೆ. ಹಸಿ ಹುಲ್ಲು ಹುಳಿತ ವಾಸನೆ, ಹಸಿರು ಮಿಶ್ರಿತ ಕಂದು ಬಣ್ಣ. ಅಜ್ಜ ಕುರಿಯ ಕಿವಿ ಹಿಡಿದು, ಕೊನೆಯವರೆಗೂ ಅದರ ಕೊರಳು ನೇವರಿಸುತ್ತ ನಿಂತಿದ್ದರು. ಧಾರವಾಡಕ್ಕೆ ಹಿಂದಿರುಗುವ ದಾರಿಯುದ್ದಕ್ಕೂ ಫ್ಲಾಸ್ಕನ್ನು ಕಂಬಳಿಯಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದೆ.

ಇಲ್ಲಿಂದ ಮುಂದಿನ ಕೆಲಸವೆಲ್ಲ ಒಂದೇ ಒಂದು ಶತ್ರುವಿನ ಜೊತೆ, ನಾವು ಉಸಿರಾಡುವ ಗಾಳಿಯ ಜೊತೆ. ಈ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ಆಮ್ಲಜನಕ ತಾಗಿದರೆ ಸಾಯುತ್ತವೆ. ಅವನ್ನು ಪ್ರಯೋಗಾಲಯದಲ್ಲಿ ಬದುಕಿಸುವ ವಿದ್ಯೆಯನ್ನು ಕಟ್ಟಿದವರು ರಾಬರ್ಟ್ ಹಂಗೇಟ್, 1940–50ರ ದಶಕಗಳಲ್ಲಿ, ಅಮೆರಿಕದಲ್ಲಿ. ನಾವು ಇವತ್ತಿಗೂ ಮಾಡುವುದು ಬಹುಮಟ್ಟಿಗೆ ಅವರು ಕಲಿಸಿದ್ದನ್ನೇ. ಬೆಳೆಸುವ ದ್ರವವನ್ನು ಕುದಿಸಿ, ಕರಗಿದ ಗಾಳಿ ಹೊರಹಾಕಿ, ಮೇಲೆ ಇಂಗಾಲದ ಡೈಆಕ್ಸೈಡ್ ಹಾಯಿಸುತ್ತ ತಣಿಸಬೇಕು. ಸಿಲಿಂಡರಿನ ಅನಿಲದಲ್ಲೂ ಎಲ್ಲೋ ಒಂದು ಚೂರು ಆಮ್ಲಜನಕ ಇರುತ್ತದೆ; ಅದನ್ನು ಹೀರಲು ಕಾಯಿಸಿದ ತಾಮ್ರದ ಚೂರುಗಳ ಕೊಳವೆಯೊಳಗಿಂದ ಹಾಯಿಸಿ ತರಬೇಕು. ದ್ರವಕ್ಕೆ ರೆಸಜುರಿನ್ ಎಂಬ ಬಣ್ಣ ಹಾಕಿರುತ್ತೇವೆ. ಮೊದಲು ನೀಲಿ. ಕುದಿಯುತ್ತ ಗುಲಾಬಿ. ಆಮೇಲೆ ಉಳಿದ ಆಮ್ಲಜನಕ ಹೀರುವ ಸಿಸ್ಟೀನ್ ಬೆರೆಸಿದ ಮೇಲೆ ಗುಲಾಬಿ ನಿಧಾನವಾಗಿ ಮಾಸಿ, ಒಣಹುಲ್ಲಿನ ಹಳದಿ ಉಳಿಯುತ್ತದೆ. ಆ ಹಳದಿ ಇದ್ದರೆ ಒಳಗೆ ಆಮ್ಲಜನಕ ಇಲ್ಲ ಎಂದರ್ಥ. ಮತ್ತೆ ಗುಲಾಬಿ ಕಂಡರೆ ಎಲ್ಲೋ ಸೋರಿದೆ. ಐದು ವರ್ಷ ಬೆಳಿಗ್ಗೆ ಎದ್ದು ಪ್ರಯೋಗಾಲಯಕ್ಕೆ ಹೋದ ಕೂಡಲೇ ನಾನು ಮೊದಲು ನೋಡುತ್ತಿದ್ದುದು ಈ ಬಣ್ಣವನ್ನು.

ಬ್ಯಾಕ್ಟೀರಿಯಾವನ್ನು ಮನೆಯಂಥ ವಾತಾವರಣದಲ್ಲೇ ಬೆಳೆಸಬೇಕು ಎಂಬುದೂ ಹಂಗೇಟ್ ಅವರ ಪಾಠ. ಆದ್ದರಿಂದ ದ್ರವದಲ್ಲಿ ಸೋಸಿ ತಿಳಿಗೊಳಿಸಿದ ರೂಮೆನ್ ರಸವೇ ದೊಡ್ಡ ಪಾಲು. ಆಹಾರಕ್ಕೆ ಜೋಳದ ಕಣಿಕೆಯಂಥ ಮೇವಿನಲ್ಲಿ ಧಾರಾಳವಾಗಿರುವ ಕ್ಸೈಲಾನ್ ಎಂಬ ನಾರಿನಂಶ, ಅದರ ಜೊತೆ ಜಾಲಿಕಾಯಿಯ ಕಷಾಯ. ತಂದ ರಸವನ್ನು ಹತ್ತರಲ್ಲೊಂದು, ಅದರಲ್ಲಿ ಹತ್ತರಲ್ಲೊಂದು ಎಂದು ಒಂಬತ್ತು ಸಲ ತೆಳುವಾಗಿಸಿದೆ. ತಣಿದರೆ ಲೋಳೆಯಂತೆ ಗಟ್ಟಿಯಾಗುವ ಅಗರ್ ಅನ್ನು ಕರಗಿಸಿಟ್ಟ ಕೊಳವೆಗೆ ಅದನ್ನು ಹಾಕಿ, ರಬ್ಬರ್ ಬಿರಡೆ ಒತ್ತಿ, ಮಂಜುನೀರಿನಲ್ಲಿ ಅಡ್ಡ ಹಿಡಿದು ಉರುಳಿಸಿದರೆ ಅಗರ್ ಕೊಳವೆಯ ಒಳಗೋಡೆಗೆ ತೆಳುವಾಗಿ ಹಿಡಿದುಕೊಳ್ಳುತ್ತದೆ. ರೋಲ್ ಟ್ಯೂಬ್ ಎಂದು ಇದರ ಹೆಸರು. ತಟ್ಟೆಯ ಬದಲು ಕೊಳವೆ, ಮುಚ್ಚಳ ತೆಗೆಯುವ ಪ್ರಶ್ನೆಯೇ ಇಲ್ಲ. ಕೈ ಕೂರುವವರೆಗೆ ಅಗರ್ ಒಂದು ಕಡೆ ದಪ್ಪ, ಒಂದು ಕಡೆ ಬೋಳು ಆಗುತ್ತದೆ. ನನಗೆ ಕೈ ಕೂರಲು ಎರಡು ತಿಂಗಳು ಬೇಕಾಯಿತು.

ಐದನೆಯ ದಿನ ಅತಿ ತೆಳುವಾದ ಕೊಳವೆಗಳಲ್ಲಿ ಚುಕ್ಕಿಗಳು ಕಂಡವು. ಕೆಲವದರ ಸುತ್ತ ಕ್ಸೈಲಾನ್ ಕರಗಿ ತಿಳಿಯಾದ ಬಳೆ ಇತ್ತು. ಸಾಸಿವೆಗಿಂತಲೂ ಸಣ್ಣದು, ಬೆಳಕಿಗೆ ಹಿಡಿದರೆ ತಿಳಿ ಕೆನೆಬಣ್ಣ. ಅಂಥವನ್ನು ಬಗ್ಗಿಸಿದ ಗಾಜಿನ ಕಡ್ಡಿಕೊಳವೆಯಿಂದ, ಅನಿಲ ಹಾಯಿಸುತ್ತಲೇ, ಒಂದೊಂದಾಗಿ ಹೆಕ್ಕಿ ಬೇರೆ ಬೇರೆ ಕೊಳವೆಗೆ ಇಳಿಸಿದೆ. ಹದಿನೇಳು ಬದುಕಿದವು. ಹದಿನೇಳನೆಯದಕ್ಕೆ ಕೊಟ್ಟ ಅಂಕಿಯೇ ಅದರ ಹೆಸರಾಗಿ ಉಳಿಯಿತು.

ಯಾವ ಬ್ಯಾಕ್ಟೀರಿಯಾ ಎಂದು ತಿಳಿಯಲು ಮೊದಲು ನೋಡುವುದು 16ಎಸ್ ರೈಬೋಸೋಮಲ್ ಆರ್‌ಎನ್‌ಎ ಜೀನ್. ಸುಮಾರು 1,500 ಅಕ್ಷರಗಳ ಈ ಜೀನ್ ಎಲ್ಲ ಬ್ಯಾಕ್ಟೀರಿಯಾದಲ್ಲೂ ಇದೆ, ಬಹಳ ನಿಧಾನವಾಗಿ ಬದಲಾಗುತ್ತದೆ. ಇದರ ಹೋಲಿಕೆಯಿಂದಲೇ ಕಾರ್ಲ್ ವೋಸ್ 1977ರಲ್ಲಿ ಆರ್ಕಿಯಾ ಎಂಬ ಬೇರೆಯೇ ಜೀವವರ್ಗವನ್ನು ಕಂಡದ್ದು. ಹದಿನಾರು ಕೊಳವೆಗಳ ಜೀನ್ ಪಾಠಗಳು ಸರಾಗವಾಗಿ ಬಂದವು, ಎಲ್ಲವೂ ಗೊತ್ತಿದ್ದ ಪ್ರಭೇದಗಳೇ. ಹದಿನೇಳನೆಯದು ಬರುವಾಗ ಪಾಠ ಓದಲಿಕ್ಕೇ ಆಗಲಿಲ್ಲ. ಒಂದು ಅಕ್ಷರ ಇರಬೇಕಾದ ಕಡೆ ಎರಡು ಏರುಗೆರೆಗಳು ಒಂದರ ಮೇಲೊಂದು ಕೂತಿದ್ದವು. ನಾನು ಶುದ್ಧವೆಂದು ನಂಬಿದ್ದ ಕೊಳವೆಯಲ್ಲಿ ಎರಡು ಜೀವಿಗಳಿದ್ದವು.

ಸೂಕ್ಷ್ಮದರ್ಶಕದಲ್ಲಿ ಮತ್ತೆ ನೋಡಿದೆ. ಮೊದಲು ನೋಡಿದಾಗ ಕಂಡಿದ್ದ ದಪ್ಪನೆಯ ಕಡ್ಡಿಗಳ ನಡುವೆ, ತೆಳ್ಳಗೆ, ಅಲ್ಪವಿರಾಮದ ಹಾಗೆ ಬಾಗಿದವು ಇನ್ನೊಂದಿಷ್ಟು ಇದ್ದವು. ನಾನು ಅವನ್ನು ಅದೇ ಜೀವಿಯ ಎಳೆಯ ರೂಪ ಎಂದುಕೊಂಡು ಬಿಟ್ಟಿದ್ದೆ. ನೋಡಿಯೂ ನೋಡಿರಲಿಲ್ಲ.

ಬೇರ್ಪಡಿಸಲು ಏಳು ತಿಂಗಳು ಹಿಡಿಯಿತು. ತೆಳುವಾಗಿಸಿ ರೋಲ್ ಟ್ಯೂಬ್ ಮಾಡಿದರೆ ದಪ್ಪ ಕಡ್ಡಿ ತಾನಾಗಿ ಬೆಳೆಯುತ್ತಿತ್ತು. ಬಾಗಿದ್ದನ್ನು ಒಂಟಿಯಾಗಿ ಹೆಕ್ಕಿದರೆ, ಹೊಸ ದ್ರವದ ಕೊಳವೆಗೆ ಎರಡು ಮೂರು ಸಲ ವರ್ಗಾವಣೆ ಮಾಡುವವರೆಗೆ ಬೆಳೆದು ನಿಂತುಹೋಗುತ್ತಿತ್ತು. ಖರ್ಚು ತಗ್ಗಲಿ ಎಂದು ಆ ಹೊತ್ತಿಗೆ ನಾನು ದ್ರವದಲ್ಲಿ ರೂಮೆನ್ ರಸದ ಪಾಲು ಕಡಿಮೆ ಮಾಡುತ್ತ ಬಂದಿದ್ದೆ. ನನ್ನ ಮಾರ್ಗದರ್ಶಕಿ ಮೇಡಂ ಹಳೆಯ ಪ್ರಬಂಧಗಳ ಕಟ್ಟು ತೆಗೆದು ಅಮೆರಿಕದ ರೂಮೆನ್ ವಿಜ್ಞಾನಿ ಮಾರ್ವಿನ್ ಬ್ರಯಂಟ್ ಅವರ ಬರಹಗಳನ್ನು ಕೈಗಿಟ್ಟರು. ರೂಮೆನ್‌ನ ಎಷ್ಟೋ ಬ್ಯಾಕ್ಟೀರಿಯಾಗಳಿಗೆ ಐಸೊವ್ಯಾಲರಿಕ್, ಐಸೊಬ್ಯುಟಿರಿಕ್, 2-ಮೀಥೈಲ್‌ಬ್ಯುಟಿರಿಕ್‌ನಂಥ ಕವಲೊಡೆದ ಸರಪಳಿಯ ಆಮ್ಲಗಳು ಬೇಕೇ ಬೇಕು ಎಂದು ಅವರೂ ಅವರ ಸಂಗಡಿಗರೂ ದಶಕಗಳ ಹಿಂದೆಯೇ ತೋರಿಸಿದ್ದರು. ಅಮೈನೋ ಆಮ್ಲ ಕಟ್ಟಲು, ಕೋಶದ ಪೊರೆ ಕಟ್ಟಲು ಅವೇ ಕಚ್ಚಾ ವಸ್ತು. ರೂಮೆನ್‌ನೊಳಗೆ ಇವಕ್ಕೆ ಕೊರತೆ ಇಲ್ಲ. ಒಂದು ಬ್ಯಾಕ್ಟೀರಿಯಾ ಪ್ರೋಟೀನಿನ ಲ್ಯೂಸಿನ್ ಒಡೆದು ಐಸೊವ್ಯಾಲರಿಕ್ ಆಮ್ಲವನ್ನು ಹೊರಗೆ ಬಿಡುತ್ತದೆ, ಪಕ್ಕದ್ದು ಅದನ್ನು ಎತ್ತಿಕೊಂಡು ಬದುಕುತ್ತದೆ.

ನನ್ನ ಕೊಳವೆಯಲ್ಲಿ ನಡೆದದ್ದೂ ಅದೇ. ದಪ್ಪ ಕಡ್ಡಿ ಹೊರಗೆ ಬಿಟ್ಟದ್ದನ್ನು ತಿಂದು ಬಾಗಿದ್ದು ಬದುಕುತ್ತಿತ್ತು. ನಾನು ಸಂಗಾತಿಯನ್ನು ತೆಗೆದೆ, ರೂಮೆನ್ ರಸವನ್ನೂ ಕಿತ್ತುಕೊಂಡೆ, ಆಮೇಲೆ ಯಾಕೆ ಸಾಯುತ್ತದೆ ಎಂದು ಕೇಳುತ್ತಿದ್ದೆ. ನಾಲ್ಕು ಆಮ್ಲಗಳ ಮಿಶ್ರಣ ಮಾಡಿ ಹನಿಹನಿಯಾಗಿ ಹಾಕಿದೆ. ಆ ಬಾಟಲಿಯ ಮುಚ್ಚಳ ತೆಗೆದರೆ ಬೆವರಿದ ಕಾಲುಚೀಲದ ವಾಸನೆ ಇಡೀ ಮಹಡಿಗೆ ಹಬ್ಬುತ್ತಿತ್ತು; ಪಕ್ಕದ ಕೋಣೆಯವರು ಬಂದು ಬಾಗಿಲು ಹಾಕಿಕೊಂಡು ಹೋಗುತ್ತಿದ್ದರು. ಮೂರನೆಯ ದಿನ ಕೊಳವೆ ಮಬ್ಬಾಯಿತು. ನಾಲ್ಕನೆಯ ವರ್ಗಾವಣೆ, ಐದನೆಯದು, ಹತ್ತನೆಯದು, ಮಬ್ಬಾಗುತ್ತಲೇ ಹೋಯಿತು. ಅದರಿಂದ ಕಮಟು ಬೆಣ್ಣೆಯ ವಾಸನೆ ಬರುತ್ತಿತ್ತು. ಬ್ಯುಟಿರಿಕ್ ಆಮ್ಲದ ವಾಸನೆ ಅದು. ಇಷ್ಟು ದಿನದಲ್ಲಿ ನನಗೆ ಅಷ್ಟು ಹಿತವಾದ ವಾಸನೆ ಬೇರೆ ಇರಲಿಲ್ಲ.

ಈ ಸಲ ಜೀನ್ ಪಾಠ ಒಂದೊಂದೇ ಅಕ್ಷರವಾಗಿ ಸ್ಪಷ್ಟವಾಗಿ ಬಂತು. ಜಾಲತಾಣದ ಭಂಡಾರದಲ್ಲಿ ಹೋಲಿಸಿದೆ. ಬ್ಯುಟಿರಿವಿಬ್ರಿಯೊ ಎಂಬ ಕುಲಕ್ಕೆ ಹತ್ತಿರ. ಆ ಕುಲದ ಮೊದಲ ಪ್ರಭೇದ ಬ್ಯುಟಿರಿವಿಬ್ರಿಯೊ ಫೈಬ್ರಿಸಾಲ್ವೆನ್ಸ್ ಅನ್ನು 1956ರಲ್ಲಿ ವಿವರಿಸಿದವರು ಇದೇ ಬ್ರಯಂಟ್ ಮತ್ತು ಸ್ಮಾಲ್. ಹಂಗೇಟ್ ಹೆಸರಿನ ಬ್ಯುಟಿರಿವಿಬ್ರಿಯೊ ಹಂಗೇಟಿಯೈ 2003ರಲ್ಲಿ ಸೇರಿತು. ನನ್ನದು ಇವುಗಳಲ್ಲಿ ಅತಿ ಹತ್ತಿರದ್ದಕ್ಕೂ ನೂರಕ್ಕೆ ತೊಂಬತ್ತಾರು ಚಿಲ್ಲರೆಯಷ್ಟೇ ಹೋಲುತ್ತಿತ್ತು. ಮೊದಲು 97ರ ಕೆಳಗಿದ್ದರೆ ಬೇರೆ ಪ್ರಭೇದ ಎನ್ನುತ್ತಿದ್ದರು, ಈಗ ಗೆರೆ 98.65ಕ್ಕೆ ಏರಿದೆ. ಯಾವ ಗೆರೆಯಿಂದ ನೋಡಿದರೂ ಇದು ಹೊರಗೆ.

ನಾನು ಮೇಡಂ ಕೋಣೆಗೆ ಓಡಿದೆ. ಅವರು ಪರದೆಯನ್ನು ಬಹಳ ಹೊತ್ತು ನೋಡಿದರು. "ಚೆನ್ನಾಗಿದೆ. ಆದರೆ ಇದು ಸುಳಿವು ಅಷ್ಟೇ. ಸ್ಟ್ರೆಪ್ಟೊಕಾಕಸ್ ಕ್ಯಾಪ್ರಿನಸ್ ಕಥೆ ಗೊತ್ತಲ್ಲ?" ಎಂದರು.

ಗೊತ್ತಿತ್ತು. 1994ರಲ್ಲಿ ಆಸ್ಟ್ರೇಲಿಯಾದಲ್ಲಿ ಜಾಲಿಯ ಬಳಗದ ಅಕೇಶಿಯ ಮೇಯುವ ಕಾಡು ಆಡುಗಳ ರೂಮೆನ್‌ನಿಂದ ಟ್ಯಾನಿನ್ ತಡೆಯುವ ಬ್ಯಾಕ್ಟೀರಿಯಾ ಹಿಡಿದು ಕ್ಯಾಪ್ರಿನಸ್ ಎಂದು ಹೆಸರಿಟ್ಟಿದ್ದರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಕೊಆಲಾ ಮುಂತಾದ ಪ್ರಾಣಿಗಳಿಂದ ಇನ್ನೊಂದು ತಂಡ ಹಿಡಿದದ್ದಕ್ಕೆ ಗ್ಯಾಲೊಲಿಟಿಕಸ್ ಎಂದು ಹೆಸರಾಯಿತು. ಪಕ್ಕಪಕ್ಕ ಇಟ್ಟು ನೋಡಿದಾಗ ಎರಡೂ ಒಂದೇ. ಗ್ಯಾಲೊಲಿಟಿಕಸ್ ಉಳಿಯಿತು. ಆ ಆಡಿನ ಕೆಲಸದಲ್ಲಿ ಸುಳ್ಳೇನೂ ಇರಲಿಲ್ಲ. ಪಕ್ಕಕ್ಕಿಟ್ಟು ನೋಡಬೇಕಾದ್ದು ಆಗ ಕೈಯಲ್ಲಿ ಇರಲಿಲ್ಲ ಅಷ್ಟೇ.

ಹಾಗಾಗಿ ನಾವು ಹೋಲಿಸಬೇಕಾದ ಮಾದರಿ ತಳಿಗಳನ್ನು, ಅಂದರೆ ಪ್ರಭೇದದ ಗುರುತಿಗೆಂದು ಕಾದಿಟ್ಟ ಮೂಲ ತಳಿಗಳನ್ನು, ಜರ್ಮನಿಯ ಬ್ರೌನ್‌ಶ್ವೈಗ್‌ನಲ್ಲಿರುವ ಡಿಎಸ್‌ಎಂಜೆಡ್ ಎಂಬ ಸೂಕ್ಷ್ಮಜೀವಿ ಸಂಗ್ರಹಾಲಯದಿಂದ ತರಿಸಿದೆವು. ಒಣಗಿಸಿ ಗಾಜಿನ ಕೊಳವೆಯಲ್ಲಿ ಮುಚ್ಚಿದ, ಚಿಟಿಕೆ ಪುಡಿಯಂಥ ಜೀವ. ಬ್ರಯಂಟ್ ಅವರ ಡಿ1 ಎಂಬ ತಳಿಯನ್ನು ನಮ್ಮ ದ್ರವಕ್ಕೆ ಇಳಿಸಿದಾಗ ನನ್ನ ಕೈ ನಡುಗಿತು. 1950ರ ದಶಕದ ಅಮೆರಿಕದ ಒಂದು ದನದ ಹೊಟ್ಟೆಯಿಂದ ಬಂದದ್ದು, ಇಷ್ಟು ಜನರ ಕೈ ದಾಟಿ, ಧಾರವಾಡದ ಇನ್‌ಕ್ಯುಬೇಟರಿನಲ್ಲಿ ಎರಡೇ ದಿನಕ್ಕೆ ಮಬ್ಬಾಗಿ ನಿಂತಿತ್ತು.

ಅಲ್ಲಿಂದ ಒಂದೂವರೆ ವರ್ಷ ಪರೀಕ್ಷೆಗಳು. ಯಾವ ಬಿಸಿಯಲ್ಲಿ ಬೆಳೆಯುತ್ತದೆ, ಯಾವ ಪಿಎಚ್ (ಹುಳಿಯ ಅಳತೆ), ಯಾವ ಸಕ್ಕರೆ ತಿನ್ನುತ್ತದೆ, ಏನು ಹೊರಗೆ ಬಿಡುತ್ತದೆ, ಪೊರೆಯ ಕೊಬ್ಬು ಯಾವುದು. ಅದೇ ದಿನ, ಅದೇ ದ್ರವದಲ್ಲಿ, ಹಳೆಯ ತಳಿಗಳನ್ನೂ ನನ್ನದನ್ನೂ ಜೊತೆಯಾಗಿ ಬೆಳೆಸಬೇಕು, ಮೂರು ಮೂರು ಸಲ. ಅದನ್ನೆಲ್ಲ ಬರೆದರೆ ಓದುವವರಿಗೆ ಬೇಸರ. ಒಂದು ಮಾತ್ರ ಹೇಳುತ್ತೇನೆ. ಬ್ಯಾಕ್ಟೀರಿಯಾವನ್ನು ಗೋಡೆಯ ಮೇಲಿಂದ ಎರಡು ಗುಂಪಾಗಿ ವಿಂಗಡಿಸುವ ಗ್ರಾಮ್ ಬಣ್ಣ ಹಾಕಿದಾಗ ಇದು ಕೆಂಪಾಗಿ, ಅಂದರೆ ಗ್ರಾಮ್ ನೆಗೆಟಿವ್ ಆಗಿ ಕಂಡಿತು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅಡ್ಡಸೀಳು ನೋಡಿದರೆ ಗೋಡೆಯ ರಚನೆ ಗ್ರಾಮ್ ಪಾಸಿಟಿವ್ ಗುಂಪಿನದು, ಆದರೆ ಬಣ್ಣ ಹಿಡಿದಿಡಲಾರದಷ್ಟು ತೆಳುವು. ಈ ಇಡೀ ಕುಲದ್ದೇ ಈ ಗುಣ. ಕಾಲೇಜಿನಲ್ಲಿ ಮೊದಲ ವಾರ ಕಲಿತ ಪರೀಕ್ಷೆಯೊಂದನ್ನು ಕಣ್ಣು ಮುಚ್ಚಿ ನಂಬಬಾರದೆಂದು ನನಗೆ ಗೊತ್ತಾದದ್ದು ಆಗ.

ಆಮೇಲೆ ಒಂದು ಸೋಮವಾರ. ಇನ್‌ಕ್ಯುಬೇಟರ್ ತೆರೆದರೆ ಹದಿನೇಳರ ಎಲ್ಲ ಕೊಳವೆಗಳೂ ಗುಲಾಬಿ ಬಣ್ಣಕ್ಕೆ ತಿರುಗಿದ್ದವು. ಒಂದಲ್ಲ ಎರಡಲ್ಲ, ಇಡೀ ಸಾಲು. ಹೊಸ ಬಿರಡೆಗಳು ಬರುವುದು ತಡವಾಗಿತ್ತು, ನಾನು ಹಳೆಯವನ್ನೇ ಆಟೊಕ್ಲೇವ್ ಮಾಡಿ ಮಾಡಿ, ಅಂದರೆ ಒತ್ತಡದ ಹಬೆಯಲ್ಲಿ ಬೇಯಿಸಿ ಬೇಯಿಸಿ, ಬಳಸಿದ್ದೆ. ರಬ್ಬರ್ ಗಡುಸಾಗಿ, ಸೂಜಿ ಚುಚ್ಚಿದ ತೂತು ಮುಚ್ಚಿಕೊಳ್ಳದೆ, ಶನಿವಾರ ಭಾನುವಾರ ಎರಡು ದಿನ ಗಾಳಿ ಒಳಗೆ ಇಳಿದಿತ್ತು. ವರ್ಗಾಯಿಸಿ ನೋಡಿದೆ, ಒಂದೂ ಬೆಳೆಯಲಿಲ್ಲ. ಮೈನಸ್ 80 ಡಿಗ್ರಿಯ ಫ್ರೀಜರಿನಲ್ಲಿ ಗ್ಲಿಸರಾಲ್‌ನಲ್ಲಿಟ್ಟ ಆರು ಕೊಳವೆಗಳಿದ್ದವು. ಮೊದಲನೆಯದು ಬೆಳೆಯಲಿಲ್ಲ. ಎರಡನೆಯದೂ ಇಲ್ಲ. ಮೂರನೆಯದನ್ನು ಕರಗಿಸುವ ಮುಂಚೆ ಮೇಡಂ ನನ್ನನ್ನು ತಡೆದು, ರೂಮೆನ್ ರಸದ ಪಾಲು ಮೊದಲಿನಷ್ಟೇ ಹೆಚ್ಚಿಸಿ ಹೊಸ ದ್ರವ ಮಾಡಿಸಿದರು. ನಾಲ್ಕು ದಿನ ಅದು ತಿಳಿಯಾಗಿಯೇ ಇತ್ತು. ಐದನೆಯ ದಿನ ಬೆಳಕಿಗೆ ಹಿಡಿದು ಅಲ್ಲಾಡಿಸಿದಾಗ ತಳದಿಂದ ಹೊಗೆಯಂತೆ ಒಂದು ಎಳೆ ಎದ್ದಿತು. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತೆ. ಆ ದಿನದಿಂದ ಒಂದು ಬಿರಡೆಯನ್ನು ನಿಗದಿ ಮಾಡಿದ ಲೆಕ್ಕಕ್ಕಿಂತ ಹೆಚ್ಚು ಸಲ ಬಳಸಿಲ್ಲ.

ಜೀನೋಮ್, ಅಂದರೆ ಜೀವಿಯ ಇಡೀ ಡಿಎನ್‌ಎ ಪಾಠ, ಪೂರ್ತಿ ಓದಿಸಿದ ಮೇಲೆ ಸಂಶಯಕ್ಕೆ ಎಡೆ ಉಳಿಯಲಿಲ್ಲ. ಎರಡು ಜೀನೋಮ್‌ಗಳ ಸರಾಸರಿ ಹೋಲಿಕೆ ನೂರಕ್ಕೆ 95–96ರ ಮೇಲಿದ್ದರೆ ಒಂದೇ ಪ್ರಭೇದ. 1987ರಿಂದ ಬಂದ ಹಳೆಯ ಅಳತೆ, ಡಿಎನ್‌ಎಗಳನ್ನು ಬೆಸೆದು ನೋಡುವುದು. ಅದರ ಗೆರೆ 70. ಈಗ ಅದನ್ನೂ ಕಂಪ್ಯೂಟರಿನಲ್ಲೇ ಲೆಕ್ಕ ಹಾಕುತ್ತಾರೆ. ನನ್ನದು ಮೊದಲ ಅಳತೆಯಲ್ಲಿ 90ನ್ನೂ ಮುಟ್ಟಲಿಲ್ಲ, ಎರಡನೆಯದರಲ್ಲಿ 70ರ ಹತ್ತಿರಕ್ಕೂ ಬರಲಿಲ್ಲ.

ಇಲ್ಲಿ ನನ್ನದೊಂದು ಅಭಿಪ್ರಾಯ. ಈಗ ಬ್ಯಾಕ್ಟೀರಿಯಾವನ್ನು ಬೆಳೆಸದೆಯೇ, ರೂಮೆನ್ ರಸದ ಡಿಎನ್‌ಎಯನ್ನೆಲ್ಲ ಒಟ್ಟಿಗೆ ಓದಿ, ಕಂಪ್ಯೂಟರಿನಲ್ಲಿ ಜೀನೋಮ್‌ಗಳನ್ನು ಜೋಡಿಸುತ್ತಾರೆ. 2019ರಲ್ಲಿ ಹೀಗೆ ಜೋಡಿಸಿದ 4,941 ರೂಮೆನ್ ಜೀನೋಮ್‌ಗಳು ಪ್ರಕಟವಾದವು. 2018ರ ಹಂಗೇಟ್1000 ಸಂಗ್ರಹದಲ್ಲಿ ಬೆಳೆಸಿದ ಜೀವಿಗಳ ಜೀನೋಮ್‌ಗಳು 501. ಜೀನೋಮ್ ಒಂದರಿಂದಲೇ ಹೆಸರಿಡಲು 2022ರಿಂದ ಸೀಕ್‌ಕೋಡ್ ಎಂಬ ನಿಯಮಾವಳಿಯೂ ಇದೆ. ಆ ಕೆಲಸವನ್ನು ನಾನು ಗೌರವಿಸುತ್ತೇನೆ, ಬಳಸುತ್ತಲೂ ಇದ್ದೇನೆ. ಆದರೆ ಹದಿನೇಳರ ಜೀನೋಮ್ ನೋಡಿ ಅದಕ್ಕೆ ಸಂಗಾತಿ ಬೇಕು ಎಂದು ನಾನು ಹೇಳಲು ಆಗುತ್ತಿತ್ತೇ? ಕೊಳವೆಯಲ್ಲಿ ಅದು ಸಾಯುವುದನ್ನು ನೋಡಿದ್ದರಿಂದ ತಿಳಿಯಿತು. ಜೋನ್ಸ್ ಆಸ್ಟ್ರೇಲಿಯಾದ ದನಗಳಿಗೆ ದಾಟಿಸಿದ್ದೂ ಬದುಕಿದ್ದ ಜೀವಿಯನ್ನೇ. ಬೆಳೆಸುವ ಕೈಗಳು ಕಡಿಮೆಯಾಗುತ್ತಿವೆ, ರೋಲ್ ಟ್ಯೂಬ್ ಉರುಳಿಸಲು ಬರುವವರು ಇನ್ನೂ ಕಡಿಮೆ. ಇದು ನನಗೆ ನಿಜವಾದ ಚಿಂತೆ.

ಒಂದೇ ಒಂದು ತಳಿಯಿಂದ ಪ್ರಭೇದ ವಿವರಿಸುವುದು ಸಣಕಲು ಆಧಾರ. ಎರಡನೆಯ ಸಲ ಮಾದರಿ ತರಲು ಮತ್ತೆ ಬೇಸಿಗೆಯಲ್ಲಿ ಹೊರಟೆವು. ಅಜ್ಜನ ಹಿಂಡು ಆ ಹೊಲದಲ್ಲಿ ಇರಲಿಲ್ಲ; ಗೊಬ್ಬರಕ್ಕಾಗಿ ಹಿಂಡು ನಿಲ್ಲಿಸಿಕೊಳ್ಳುವ ರೈತರನ್ನು ಕೇಳುತ್ತ ಕೇಳುತ್ತ ಎರಡು ದಿನ ಅಲೆದು ಹಿಡಿದೆವು. ನಾನು ಫೋನಿನಲ್ಲಿ ಬಾಗಿದ ಕಡ್ಡಿಗಳ ಚಿತ್ರ ತೋರಿಸಿದೆ. ಅಜ್ಜ ಕಣ್ಣು ಕಿರಿದು ಮಾಡಿ ನೋಡಿದರು.

"ಇದು ಜಾಲಿಕಾಯಿ ತಿಂತೈತೇನು?"

"ಇಲ್ಲ ಅಜ್ಜಾರ. ಒಗರನ್ನ ಇದು ಕರಗಸಂಗಿಲ್ಲ. ಒಗರು ಇದ್ರೂ ಸಾಯಂಗಿಲ್ಲ, ಅಷ್ಟ. ಕಣಕಿಯೊಳಗಿನ ನಾರು ಒಡೀತೈತಿ."

"ಕಣಕಿ ಅರಗಿಸೂದು ಸಣ್ಣ ಕೆಲಸ ಅಲ್ಲ ಬಿಡು," ಎಂದು ಹೇಳಿ ಇನ್ನೊಂದು ಕುರಿ ಹಿಡಿದು ತಂದರು. ಆಸೆಪಟ್ಟದ್ದು ಸಿಕ್ಕಿರಲಿಲ್ಲ ಎಂಬ ಸಂಕೋಚ ನನ್ನಲ್ಲಿತ್ತು. ಅಜ್ಜನ ಮಾತು ಅದನ್ನು ಇಳಿಸಿತು. ಆ ಸಲದ ಮಾದರಿಯಿಂದ ಅದೇ ಪ್ರಭೇದದ ಇನ್ನೆರಡು ತಳಿಗಳು, ಬೇರೆ ಬೇರೆ ಕುರಿಗಳಿಂದ, ಸಿಕ್ಕವು. ಆಮ್ಲಗಳ ಮಿಶ್ರಣ ಮೊದಲೇ ಹಾಕಿದ್ದರಿಂದ ಏಳು ತಿಂಗಳ ಕೆಲಸ ಮೂರು ವಾರಕ್ಕೆ ಮುಗಿಯಿತು.

ನಿಯಮದ ಪ್ರಕಾರ ಹೊಸ ಪ್ರಭೇದದ ಮಾದರಿ ತಳಿಯನ್ನು ಎರಡು ಬೇರೆ ದೇಶಗಳ ಎರಡು ಸಂಗ್ರಹಾಲಯಗಳಲ್ಲಿ ಇಡಬೇಕು, ಕೇಳಿದ ಯಾವ ಸಂಶೋಧಕರಿಗೂ ಅದು ಸಿಗುವಂತಿರಬೇಕು. ನಮ್ಮ ದೇಶದ ಜೀವಸಂಪತ್ತು ಹೊರಗೆ ಹೋಗಬೇಕಾದರೆ 2002ರ ಜೀವವೈವಿಧ್ಯ ಕಾಯ್ದೆ ಇದೆ, ಚೆನ್ನೈಯ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ದಾರಿಯಿಂದ ಹೋಗಬೇಕು. ಕಾಗದಪತ್ರಗಳಿಗೆ ತಿಂಗಳುಗಳು ಹಿಡಿದವು. ಅದಕ್ಕೆ ನನ್ನ ತಕರಾರಿಲ್ಲ. ಅಜ್ಜನ ಕುರಿಯಿಂದ ಬಂದದ್ದು ಎಲ್ಲಿಗೆ ಹೋಗುತ್ತಿದೆ ಎಂಬ ಲೆಕ್ಕ ಯಾರಾದರೂ ಇಟ್ಟಿರಲೇಬೇಕು.

ಕಷ್ಟ ಬಂದದ್ದು ಬೇರೆ ಕಡೆಯಿಂದ. ಕಳಿಸಿದ ಕೊಳವೆ ಒಂದು ಸಂಗ್ರಹಾಲಯಕ್ಕೆ ತಲುಪಿತು, ಮೂರು ವಾರದ ಮೇಲೆ ಉತ್ತರ ಬಂತು: ಬೆಳೆಯಲಿಲ್ಲ. ಮತ್ತೆ ಕಳಿಸಿದೆವು. ಮತ್ತೆ ಅದೇ ಉತ್ತರ. ನನ್ನ ಕೈಯಲ್ಲಿ ವಾರಕ್ಕೊಮ್ಮೆ ಬೆಳೆಯುವುದು ಅವರ ಕೈಯಲ್ಲಿ ಯಾಕೆ ಬೆಳೆಯುವುದಿಲ್ಲ? ದ್ರವದ ಪಾಕವನ್ನು ಮತ್ತೊಮ್ಮೆ ಸಾಲು ಸಾಲಾಗಿ ಓದಿದೆ. ನಾನು ಆಮ್ಲಗಳ ಪ್ರಮಾಣ ಬರೆದಿದ್ದೆ, ಅವನ್ನು ಹಾಕಿದ ಮೇಲೆ ಪಿಎಚ್ ಸರಿಪಡಿಸಿಕೊಳ್ಳಬೇಕು ಎಂದು ಬರೆದಿರಲಿಲ್ಲ. ನನಗೆ ಅದು ಒಗ್ಗರಣೆಗೆ ಸಾಸಿವೆ ಸಿಡಿಯಲು ಕಾಯುವಷ್ಟು ರೂಢಿಯಾಗಿ, ಹೇಳಬೇಕಾದ ಸಂಗತಿ ಎಂದೇ ತೋಚಿರಲಿಲ್ಲ. ಇನ್ನೊಬ್ಬರ ಕೈಯಲ್ಲಿ ಬೆಳೆಯುವ ತನಕ ಹದಿನೇಳು ನನ್ನ ಸ್ವಂತ ಸೊತ್ತು, ವಿಜ್ಞಾನದ್ದಲ್ಲ ಎಂದು ಅವತ್ತು ಗಟ್ಟಿಯಾಯಿತು. ಪಾಕವನ್ನು ಮೊದಲಿನಿಂದ ಬರೆದೆ. ಅಡುಗೆ ಮಾಡಿಯೇ ಗೊತ್ತಿಲ್ಲದವರಿಗೆ ಅಮ್ಮ ಹೇಳಿಕೊಡುವ ಹಾಗೆ, ಯಾವುದರ ನಂತರ ಯಾವುದು, ಎಷ್ಟು ಹೊತ್ತು, ಯಾವ ಬಣ್ಣ ಬರುವವರೆಗೆ ಎಂದು. ಪ್ರಯೋಗಾಲಯಕ್ಕೆ ಹೊಸದಾಗಿ ಸೇರಿದ ಹುಡುಗಿಗೆ ಆ ಹಾಳೆ ಕೊಟ್ಟು, ನಾನು ಬಾಯಿ ಬಿಡದೆ ಪಕ್ಕದಲ್ಲಿ ನಿಂತೆ. ಅವಳ ಕೊಳವೆ ಮಬ್ಬಾದ ಮೇಲೆ ಮೂರನೆಯ ಸಲ ಕಳಿಸಿದೆವು.

ಹೆಸರು ಇಡುವ ಸಮಯದಲ್ಲಿ ಲ್ಯಾಟಿನ್ ವ್ಯಾಕರಣ ಕಲಿಯಬೇಕಾಯಿತು, ಲಿಂಗ, ವಿಭಕ್ತಿ ಎಲ್ಲ. ತನ್ನ ಹೆಸರನ್ನೇ ಇಟ್ಟುಕೊಳ್ಳುವುದು ಒಳ್ಳೆಯ ರೂಢಿಯಲ್ಲ. ನಾವು ಆರಿಸಿದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ವಿವರಣೆ ಸಮೇತ ವಿಧಿಪ್ರಕಾರ ಪ್ರಕಟವಾಗುವ ಮುನ್ನ ಹೆಸರು ಹೊರಬಿದ್ದರೆ ಅದಕ್ಕೆ ಮಾನ್ಯತೆ ಇರುವುದಿಲ್ಲ, ಗೊಂದಲವಷ್ಟೇ ಉಳಿಯುತ್ತದೆ. ಅಜ್ಜನಿಗೆ ಮಾತ್ರ ಹೇಳಿದ್ದೇನೆ. ಎರಡು ಸಲ ಹೇಳಿಸಿಕೊಂಡು, ನಾಲಿಗೆ ಹೊರಳದೆ, "ಕುರಿ ಹುಳ ಅಂದ್ರ ಸಾಲದನ?" ಎಂದು ಕೇಳಿದರು.

ಸಂಗ್ರಹಾಲಯದ ಉತ್ತರ ಹೋದ ತಿಂಗಳು ಬಂತು. ಎರಡು ಸಾಲು: 48 ತಾಸಿನಲ್ಲಿ ಬೆಳೆದಿದೆ, ಶುದ್ಧವಾಗಿದೆ. ಪ್ರಬಂಧ ಪರಿಶೀಲಕರ ಬಳಿ ಇದೆ. ಅವರಲ್ಲೊಬ್ಬರು ಪ್ರತಿ ತಳಿಯಿಂದಲೂ ಹೊರಬರುವ ಜಲಜನಕದ ಪ್ರಮಾಣ ಕೇಳಿದ್ದಾರೆ. ಡಿ1 ಅನ್ನೂ ಹದಿನೇಳನ್ನೂ ನಿನ್ನೆ ಸಂಜೆ ಹೊಸ ಕೊಳವೆಗಳಿಗೆ ಇಳಿಸಿ ಜೊತೆಯಲ್ಲೇ ಇಟ್ಟಿದ್ದೇನೆ. ಬೆಳಿಗ್ಗೆ ನೋಡಿದೆ, ಎರಡೂ ಒಣಹುಲ್ಲಿನ ಹಳದಿಯಲ್ಲೇ ಇವೆ.